ಚಾರ್ಜ್ ಆಗದ ಜೀಪು: ಹೊಸ ಆಲ್ಟರ್ನೇಟರ್ ಹಾಕುವ ಮುಂಚೆ, ಹಾಕಿದ ಮೇಲೆ

ಮಳೆಗಾಲದ ಬೆಳಿಗ್ಗೆ ಜೀಪಿನ ಕೀ ತಿರುಗಿಸುತ್ತೀರಿ. ಸೆಲ್ಫ್ ‘ಟಕ್’ ಅಂತ ಒಂದು ಸದ್ದು ಮಾಡಿ ಸುಮ್ಮನಾಗುತ್ತದೆ. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಿ ಪೇಟೆಗೆ ಒಯ್ಯುತ್ತೀರಿ. ‘ಡೈನಮೋ ಹೋಗಿದೆ’ ಅಂತ ಹೇಳುತ್ತಾರೆ. ಹೊಸದು ಹಾಕಿಸುತ್ತೀರಿ. ಕೆಲವು ದಿನ ಎಲ್ಲ ಸರಿ ಇರುತ್ತದೆ. ಆಮೇಲೆ ಮತ್ತೆ ಅದೇ ಟಕ್. ಇಲ್ಲಿ ಕೂತಿರುವ ಎಸ್ಟೇಟ್ ಡ್ರೈವರುಗಳಲ್ಲಿ, ಜೀಪಿನ ಮಾಲೀಕರಲ್ಲಿ ಇದನ್ನು ನೋಡದವರು ಕಡಿಮೆ, ಅಲ್ವಾ?

ಆ ‘ಡೈನಮೋ’ ಅಂದರೆ ಈಗಿನ ಗಾಡಿಗಳಲ್ಲಿ ಆಲ್ಟರ್ನೇಟರ್, ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುವ ಯಂತ್ರ. ಹೊಸ ಆಲ್ಟರ್ನೇಟರ್ ಹಾಕಿದ ಮೇಲೂ ಬ್ಯಾಟರಿ ಇಳಿಯುತ್ತಿದ್ದರೆ ಮೊದಲು ಅಂಗಡಿಯವರನ್ನು ಬೈಯುತ್ತೇವೆ. ಹೊಸ ವಸ್ತುವೇ ಕೆಟ್ಟದ್ದಾಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಹಳೆಯ ಗಾಡಿಗಳಲ್ಲಿ ನಾನು ಕಂಡಂತೆ ತೊಂದರೆ ಜಾಸ್ತಿ ಇರುವುದು ವೈರಿನಲ್ಲಿ, ಅರ್ತಿನಲ್ಲಿ (ಬಾಡಿಯ ಮೂಲಕ ಕರೆಂಟು ವಾಪಸ್ ಬರುವ ದಾರಿಯಲ್ಲಿ), ಬೆಲ್ಟಿನಲ್ಲಿ. ಕರೆಂಟು ಆಲ್ಟರ್ನೇಟರಿನಿಂದ ಹೊರಟು ಬ್ಯಾಟರಿಗೆ ಹೋಗಬೇಕು. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿ, ಎಂಜಿನ್ ದಾಟಿ ಮತ್ತೆ ಆಲ್ಟರ್ನೇಟರಿಗೇ ವಾಪಸ್ ಬರಬೇಕು. ಈ ಸುತ್ತಿನಲ್ಲಿ ಎಲ್ಲಿ ತಡೆ ಇದ್ದರೂ ಚಾರ್ಜ್ ಆಗುವುದಿಲ್ಲ. ಅರ್ಧ ಇಂಚಿನ ಪೈಪು ಹಾಗೇ ಬಿಟ್ಟು 5 ಎಚ್‌ಪಿ ಮೋಟಾರು ಕೂರಿಸಿದರೆ ತೋಟಕ್ಕೆ ನೀರು ಜಾಸ್ತಿ ಬರುತ್ತದೆಯೇ? ಇದೂ ಅಷ್ಟೇ. ಹಾಗಾಗಿ ಇವತ್ತು ನಾನು ಒತ್ತಿ ಹೇಳುವುದು ಒಂದನ್ನೇ: ಬಿಚ್ಚುವ ಮುಂಚೆ ಅಳೆಯಿರಿ. ಅದಕ್ಕೆ ಬೇಕಾಗಿರುವುದು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್.

ನಾನು ಕೊಡುವ ಉದಾಹರಣೆಗಳೆಲ್ಲ ಮಹೀಂದ್ರ ಜೀಪುಗಳದ್ದು. 1947ರಲ್ಲಿ ವಿಲ್ಲಿಸ್ ಜೀಪುಗಳಿಂದ ಶುರುವಾದ ಈ ಸಾಲಿನಲ್ಲಿ ನಮ್ಮ ಕಡೆ ಇವತ್ತಿಗೂ ದುಡಿಯುತ್ತಿರುವುದು ಎಂಎಂ 540, ಕಮಾಂಡರ್, ಮೇಜರ್ ಇಂಥವು. ಎಂಜಿನ್ ಹೆಚ್ಚಾಗಿ ಪ್ಯೂಜೋ ವಿನ್ಯಾಸದ 2112 ಸಿಸಿ ಎಕ್ಸ್‌ಡಿಪಿ, ಇಲ್ಲವೇ 2523 ಸಿಸಿಯ ಡಿಐ. ನಿಮ್ಮ ಹತ್ತಿರ ಬೇರೆ ಕಂಪನಿಯ ಹಳೆಯ ಡೀಸೆಲ್ ಫೋರ್‌ವೀಲ್ ಗಾಡಿ ಇದ್ದರೂ ಲೆಕ್ಕ ಇದೇ. ಒಂದು ಮಾತ್ರ ನೋಡಿಕೊಳ್ಳಿ. ಸೇನೆಯ ಹರಾಜಿನಲ್ಲಿ ಬಂದ ಗಾಡಿಗಳಲ್ಲಿ ಕೆಲವು 24 ವೋಲ್ಟಿನವು. ಅವುಗಳಿಗೆ ಇಲ್ಲಿ ಹೇಳುವ ವೋಲ್ಟೇಜ್ ಅಂಕಿಗಳನ್ನು ಎರಡರಿಂದ ಗುಣಿಸಬೇಕು, 12 ವೋಲ್ಟಿನ ಆಲ್ಟರ್ನೇಟರ್ ಹಾಕಲೇಬಾರದು.

ಡೈನಮೋ, ಆಲ್ಟರ್ನೇಟರ್ ಎರಡನ್ನೂ ನಾವು ಡೈನಮೋ ಅಂತಲೇ ಕರೆಯುತ್ತೇವೆ. ಕರೆಯಲಿ, ತೊಂದರೆ ಇಲ್ಲ. ಆದರೆ ಕೆಲಸ ಮಾಡುವಾಗ ಯಾವುದು ಇದೆ ಅಂತ ಗೊತ್ತಿರಬೇಕು. ಹಳೆಯ ಡೈನಮೋದಲ್ಲಿ ಪೂರ್ತಿ ಕರೆಂಟು, ತಿರುಗುವ ಭಾಗಕ್ಕೆ ತಾಗಿಕೊಂಡಿರುವ ಕಾರ್ಬನ್ ಬ್ರಷ್ ದಾಟಿಯೇ ಬರಬೇಕಿತ್ತು. ನಿಧಾನಕ್ಕೆ ತಿರುಗಿದಾಗ ಏನೂ ಕೊಡುತ್ತಿರಲಿಲ್ಲ. ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯಲು ಹೊರಗೊಂದು ಕಟೌಟ್ ಡಬ್ಬ ಬೇಕಿತ್ತು. ಆಲ್ಟರ್ನೇಟರಿನಲ್ಲಿ ಬ್ರಷ್ ದಾಟುವುದು ಒಳಗಿನ ರೋಟರನ್ನು ಅಯಸ್ಕಾಂತ ಮಾಡುವ ಮೂರ್ನಾಲ್ಕು ಆಂಪಿಯರ್ ಮಾತ್ರ. ದೊಡ್ಡ ಕರೆಂಟು ಹುಟ್ಟುವುದು ಹೊರಗಿನ, ತಿರುಗದ ಸುರುಳಿಯಲ್ಲಿ. ಅದು ಎಸಿ. ಅದನ್ನು ಡಿಸಿ ಮಾಡುವುದು ಒಳಗಿರುವ, ಕರೆಂಟನ್ನು ಒಂದೇ ಕಡೆಗೆ ಹರಿಯಬಿಡುವ ಡಯೋಡ್‌ಗಳು. ಇಷ್ಟು ಸುಲಭದ ವಿಷಯ ಕಾರುಗಳಿಗೆ ಬರಲು ಯಾಕೆ ಅಷ್ಟು ತಡವಾಯಿತು ಅಂತ ಹುಡುಗರು ಕೇಳುತ್ತಾರೆ. ಗಟ್ಟಿಮುಟ್ಟಾದ, ಚಿಕ್ಕ ಸಿಲಿಕಾನ್ ಡಯೋಡ್ ಕಡಿಮೆ ಬೆಲೆಗೆ ಸಿಗುವವರೆಗೆ ಕಾಯಬೇಕಿತ್ತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1960ರಲ್ಲಿ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿ ಮಾರಿತು. ಆಮೇಲೆ ಎಲ್ಲರೂ ಹಾಕತೊಡಗಿದರು. ಈ ಡಯೋಡ್‌ಗಳೇ ಅದರ ಶಕ್ತಿ, ಅವೇ ಅದರ ನಾಜೂಕು ಜಾಗವೂ ಹೌದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಜೀಪಿಗೆ ಎಷ್ಟು ಕರೆಂಟು ಬೇಕು ಅನ್ನುವ ಲೆಕ್ಕ ಹಾಕೋಣ. ರಾತ್ರಿ, ಜೋರು ಮಳೆ, ಚಾರ್ಮಾಡಿ ಘಾಟಿ ಹತ್ತುತ್ತಿದ್ದೀರಿ. ಹೈಬೀಮ್‌ನಲ್ಲಿ 60 ವ್ಯಾಟಿನ ಎರಡು ಬಲ್ಬು, ಒಟ್ಟು 120 ವ್ಯಾಟು. 12 ವೋಲ್ಟಿನಿಂದ ಭಾಗಿಸಿದರೆ 10 ಆಂಪಿಯರ್. ಬಂಪರಿನ ಮೇಲೆ ಹಾಕಿಸಿಕೊಂಡ 55 ವ್ಯಾಟಿನ ಎರಡು ಫಾಗ್ ಲ್ಯಾಂಪಿಗೆ ಇನ್ನೊಂದು 9. ವೈಪರಿಗೆ ನಾಲ್ಕೈದು. ಹಿಂದಿನ ಲೈಟು, ಬ್ರೇಕ್ ಲೈಟು, ಮೀಟರ್ ಬೋರ್ಡಿನ ಲೈಟು ಸೇರಿ ನಾಲ್ಕು. ಸ್ಟೀರಿಯೋ, ಮೊಬೈಲ್ ಚಾರ್ಜರ್ ಎರಡು. 30ರ ಹತ್ತಿರ ಬಂತು. ನಿಮ್ಮ ಗಾಡಿಯಲ್ಲಿರುವುದು 35 ಆಂಪಿಯರಿನ ಹಳೆಯ ಆಲ್ಟರ್ನೇಟರ್ ಅಂದುಕೊಳ್ಳಿ. ಸಾಕಲ್ಲ ಅನ್ನಿಸುತ್ತದೆ. ಆದರೆ ಆ 35 ಬರುವುದು ಅದು ಜೋರಾಗಿ ತಿರುಗುವಾಗ. ಐಡ್ಲಿಂಗ್‌ನಲ್ಲಿ ಅರ್ಧವೂ ಬರದೇ ಇರಬಹುದು. ಲಾರಿ ಸಾಲಿನ ಹಿಂದೆ ಫಸ್ಟ್ ಗೇರಿನಲ್ಲಿ ತೆವಳುವಾಗ ಉಳಿದದ್ದನ್ನು ಬ್ಯಾಟರಿಯೇ ಕೊಡಬೇಕು. ಮರುದಿನ ಬೆಳಿಗ್ಗೆ ಎಕ್ಸ್‌ಡಿಪಿ ಎಂಜಿನ್ ಇರುವವರು ಸ್ಟಾರ್ಟ್ ಆಗಲು ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಬೇರೆ ಕಾಯಿಸುತ್ತೀರಿ. ಅದು ನಾಲ್ಕು ಪ್ಲಗ್ಗಿಗೆ ಸೇರಿ ಹೆಡ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ ಎಳೆಯುತ್ತದೆ. ಹೀಗೆ ಯಾವ ಭಾಗವೂ ಕೆಡದೆ ಬ್ಯಾಟರಿ ಇಳಿಯಬಹುದು. ಅಂಥ ಕಡೆ 60, 65 ಆಂಪಿಯರಿನದನ್ನು ಹಾಕಿಸುವುದು ಸರಿಯಾದ ಯೋಚನೆ. ಆದರೆ ಅದಕ್ಕೆ ತಕ್ಕ ವೈರನ್ನೂ ಹಾಕಬೇಕು.

ಪರೀಕ್ಷೆ ಬ್ಯಾಟರಿಯಿಂದ ಶುರುವಾಗಲಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಮೀಟರ್ ಇಡಿ. 12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಮೊದಲು ಹೊರಗೆ ಚಾರ್ಜ್ ಹಾಕಿಸಿ, ಆಮೇಲೆ ಮುಂದಿನ ಮಾತು. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರಿನಲ್ಲಿ ಗ್ರಾವಿಟಿ, ಅಂದರೆ ಒಳಗಿನ ಆಸಿಡ್ ನೀರಿನ ಸಾಂದ್ರತೆ ನೋಡಿ. ಆರು ಸೆಲ್‌ಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ 0.050ರಷ್ಟು ಕಡಿಮೆ ತೋರಿಸಿದರೆ ಆ ಸೆಲ್ ಸತ್ತಿದೆ. ಅಂಥ ಬ್ಯಾಟರಿಯನ್ನು ಯಾವ ಆಲ್ಟರ್ನೇಟರೂ ಎಬ್ಬಿಸಲಾರದು. ಅದಕ್ಕೆ ಚಾರ್ಜ್ ತುಂಬಲು ಹೋಗಿ ಹೊಸ ಆಲ್ಟರ್ನೇಟರ್ ಸುಮ್ನೆ ಕಾದು ಹಾಳಾಗುತ್ತದೆ.

ಇನ್ನು ಬೆಲ್ಟು. ಹೆಬ್ಬೆರಳಿನಿಂದ ಮಧ್ಯದಲ್ಲಿ ಒತ್ತಿದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಬಗ್ಗಬೇಕು. ಇದು ಎಲ್ಲರಿಗೂ ಗೊತ್ತು. ಜನ ನೋಡದೇ ಇರುವುದು ಪುಲ್ಲಿಯಲ್ಲಿ ಬೆಲ್ಟು ಕೂರುವ ಆ ಸಂದನ್ನು. ವಿ ಬೆಲ್ಟು ಹಿಡಿಯುವುದು ಎರಡು ಪಕ್ಕಗಳಿಂದ. ಸಂದಿನ ತಳ ಹೊಳೆಯುತ್ತಿದ್ದರೆ ಬೆಲ್ಟು ಸವೆದು ತಳಕ್ಕೆ ಕೂತಿದೆ ಅಂತ ಅರ್ಥ. ಅದನ್ನು ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಜಾಸ್ತಿ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ. ಬೇರೆ ಗಾಡಿಯ ಆಲ್ಟರ್ನೇಟರ್ ತಂದು ಹಾಕುವವರು ಪುಲ್ಲಿಯ ಅಳತೆಯನ್ನೂ ನೋಡಬೇಕು. ಪೆಟ್ರೋಲ್ ಕಾರಿನ ಎಂಜಿನ್ 6000 ಸುತ್ತಿನವರೆಗೂ ಹೋಗುತ್ತದೆ. ನಮ್ಮ ಡೀಸೆಲ್ ನಿಧಾನ, ಐಡ್ಲಿಂಗ್ 700, 800ರಲ್ಲೇ. ಪುಲ್ಲಿ ದೊಡ್ಡದಾದರೆ ಆಲ್ಟರ್ನೇಟರ್ ಚಾರ್ಜ್ ಶುರು ಮಾಡುವ ವೇಗವನ್ನೇ ಮುಟ್ಟುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಚಾರ್ಜ್, ಬಿಟ್ಟರೆ ಇಲ್ಲ ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದೇ. ಮೂರು ಪುಲ್ಲಿಗಳೂ ಒಂದೇ ಗೆರೆಯಲ್ಲಿರಬೇಕು. ಒಂದು ಉದ್ದನೆಯ ಪಟ್ಟಿ ಇಟ್ಟು ನೋಡಿದರೆ ಗೊತ್ತಾಗುತ್ತದೆ. ವಾಷರ್ ಕೊಟ್ಟು ಸರಿ ಮಾಡಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.4ರ ಒಳಗೆ ಬರಬೇಕು. 12.5ರಲ್ಲೇ ನಿಂತಿದ್ದರೆ ಚಾರ್ಜ್ ಬರುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೈಕೊಟ್ಟಿದೆ, ಅಥವಾ ಅದಕ್ಕೆ ಬ್ಯಾಟರಿಯ ವೋಲ್ಟೇಜ್ ಸರಿಯಾಗಿ ಕಾಣಿಸುತ್ತಿಲ್ಲ. ಬ್ಯಾಟರಿ ನೀರು ಬೇಗ ಬೇಗ ಕಡಿಮೆಯಾಗುವುದು, ಬಲ್ಬುಗಳು ಮೇಲಿಂದ ಮೇಲೆ ಸುಡುವುದು ಇದರ ಲಕ್ಷಣ.

ಇಲ್ಲಿಯವರೆಗೆ ಬಹಳ ಜನ ಮಾಡುತ್ತಾರೆ. ಮುಂದಿನದನ್ನು ಮಾಡುವವರು ಕಡಿಮೆ, ಅದಕ್ಕೇ ಇದನ್ನು ನಿಧಾನವಾಗಿ ಹೇಳುತ್ತೇನೆ. ಎಂಜಿನ್ ಓಡುತ್ತಿರಲಿ. ಹೆಡ್‌ಲೈಟು, ವೈಪರ್, ಎಲ್ಲ ಆನ್ ಮಾಡಿ. ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಹಿಂದೆ ದಪ್ಪ ವೈರ್ ಕೂರುವ ಬೋಲ್ಟಿಗೆ ಇಡಿ. ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೇ ಇಡಿ, ವೈರಿನ ತುದಿಗೆ ಕೂರಿಸಿದ ಲಗ್ಗಿಗಲ್ಲ. ಎರಡೂ ಪಾಸಿಟಿವ್, ಹಾಗಾದರೆ ಸೊನ್ನೆ ಬರಬೇಕು ಅನ್ನಿಸುತ್ತದೆ. ಬರುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.2, 0.3 ಆದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ವೈರು ಸಣ್ಣದು, ಇಲ್ಲವೇ ಎಲ್ಲೋ ಲಗ್ ಹಸಿರುಗಟ್ಟಿದೆ. ಇದೇ ರೀತಿ ಆಲ್ಟರ್ನೇಟರಿನ ಮೈಗೆ ಒಂದು ಕಡ್ಡಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಇನ್ನೊಂದು. ಅಲ್ಲೂ 0.2 ದಾಟಬಾರದು.

ಇದಕ್ಕೆ ಅಷ್ಟೊಂದು ಬೆಲೆ ಯಾಕೆ ಕೊಡಬೇಕು? ಒಂದು ಓಮಿನ ಇಪ್ಪತ್ತನೇ ಒಂದು ಭಾಗ, ಅಂದರೆ 0.05 ಓಮ್ ತಡೆ ಇದ್ದರೆ ಸಾಕು. 40 ಆಂಪಿಯರ್ ಹರಿಯುವಾಗ 2 ವೋಲ್ಟು ಅಲ್ಲೇ ಹೋಯಿತು. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ಸಿಗುವುದು 12.2. ಮಲ್ಟಿಮೀಟರಿನ ಓಮ್ ಪರೀಕ್ಷೆಯಲ್ಲಿ ಇಷ್ಟು ಚಿಕ್ಕ ತಡೆ ಕಾಣುವುದೇ ಇಲ್ಲ, ‘ಪೀಂ’ ಅಂತ ಸದ್ದು ಮಾಡಿ ವೈರು ಸರಿಯಿದೆ ಅಂತ ಹೇಳಿಬಿಡುತ್ತದೆ. ಕರೆಂಟು ಹರಿಯುವಾಗ ಅಳೆದರೆ ಮಾತ್ರ ಗೊತ್ತಾಗುವ ರೋಗ ಇದು.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಜೀಪಿನ ಕಥೆ ಹೇಳುತ್ತೇನೆ. ಆಲ್ಟರ್ನೇಟರ್ ಬದಲಾಯಿಸಿದ್ದರು, ಬ್ಯಾಟರಿ ಬದಲಾಯಿಸಿದ್ದರು, ಸೆಲ್ಫ್ ಮೋಟಾರು ರಿಪೇರಿ ಮಾಡಿಸಿದ್ದರು. ಚಾರ್ಜ್ ಮಾತ್ರ ನಿಲ್ಲುತ್ತಿರಲಿಲ್ಲ. ಡ್ರೈವರಣ್ಣ ಮಾತಿನ ನಡುವೆ ಒಂದು ಮಾತು ಹೇಳಿದರು, ‘ಸೆಲ್ಫ್ ಜಾಸ್ತಿ ಹೊಡೆದರೆ ಆಕ್ಸಿಲರೇಟರ್ ಕೇಬಲ್ ಬಿಸಿ ಆಗ್ತದೆ ಸಾರ್’ ಅಂತ. ಆ ಒಂದು ಮಾತಿನಲ್ಲಿ ಇಡೀ ಉತ್ತರ ಇತ್ತು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಎಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಒಂದು ಅರ್ತ್ ಪಟ್ಟಿ ಇರುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗ ಯಾರೋ ಅದನ್ನು ಬಿಚ್ಚಿ ಮತ್ತೆ ಹಾಕಿರಲಿಲ್ಲ. ಸೆಲ್ಫ್ ಮೋಟಾರಿನ ನೂರಾರು ಆಂಪಿಯರ್ ವಾಪಸ್ ಬರಲು ಸಿಕ್ಕ ದಾರಿ ಆಕ್ಸಿಲರೇಟರ್ ಕೇಬಲ್ಲು. ಒಂದು ಹೊಸ ಪಟ್ಟಿ, ಎರಡು ಬೋಲ್ಟು, ಬಣ್ಣ ಕೆರೆದು ಹೊಳೆಯುವಂತೆ ಮಾಡಿದ ಎರಡು ಜಾಗ. ಅಷ್ಟರಲ್ಲಿ ಕೆಲಸ ಮುಗಿಯಿತು. ತೆಗೆದಿಟ್ಟ ಹಳೆಯ ಆಲ್ಟರ್ನೇಟರ್ ಕೂಡ ಚೆನ್ನಾಗಿಯೇ ಇತ್ತು. ಡ್ರೈವರು ಏನು ಹೇಳುತ್ತಾನೆ ಅಂತ ಪೂರ್ತಿ ಕೇಳಿ. ಗಾಡಿ ಜೊತೆ ದಿನವಿಡೀ ಇರುವವನು ಅವನು.

ಹೊಸ ಆಲ್ಟರ್ನೇಟರಿಗೂ ಅರ್ತಿನ ಒಂದು ತೊಂದರೆ ಇದೆ. ಅದರ ಬ್ರಾಕೆಟ್ಟಿಗೆ ದಪ್ಪಗೆ ಬಣ್ಣ ಹೊಡೆದಿರುತ್ತಾರೆ. ಬೋಲ್ಟು ಬಿಗಿಯಾಗಿದ್ದರೂ ಅರ್ತ್ ಸಿಗುವುದಿಲ್ಲ. ಆಲ್ಟರ್ನೇಟರಿನ ಮೈಯಿಂದ ಎಂಜಿನ್ ಬ್ಲಾಕಿಗೆ ಒಂದು ವೈರ್ ಬೇರೆಯಾಗಿಯೇ ಹಾಕಿಬಿಡಿ.

ಇನ್ನು ವೈರಿಂಗ್. ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಆಲ್ಟರ್ನೇಟರಿನ ದಪ್ಪ ವೈರಿನಲ್ಲಿ ಕೀ ಆಫ್ ಇದ್ದಾಗಲೂ ಕರೆಂಟು ಇರುತ್ತದೆ. ಸ್ಪ್ಯಾನರ್ ಒಂದು ಸಲ ಬಾಡಿಗೆ ತಾಗಿದರೆ ಸಾಕು, ಸ್ಪ್ಯಾನರೇ ಅಂಟಿಕೊಳ್ಳುತ್ತದೆ.

ಹಿಂದುಗಡೆ ಇರುವ ಅಕ್ಷರಗಳನ್ನು ಓದಿ. ಬಿ ಪ್ಲಸ್ ಅಂದರೆ ದಪ್ಪ ವೈರು, ಬ್ಯಾಟರಿಗೆ ಹೋಗುವುದು. ಡಿ ಪ್ಲಸ್ ಅಥವಾ ಎಲ್ ಅಂದರೆ ಮೀಟರ್ ಬೋರ್ಡಿನಲ್ಲಿರುವ ಚಾರ್ಜಿಂಗ್ ಲೈಟಿನದು. ಡಬ್ಲ್ಯೂ ಇದ್ದರೆ ಅದು ಆರ್‌ಪಿಎಂ ಮೀಟರಿಗೆ. ಡೀಸೆಲ್‌ನಲ್ಲಿ ಇಗ್ನಿಷನ್ ಕಾಯಿಲ್ ಇಲ್ಲದ್ದರಿಂದ ಎಂಜಿನ್ ವೇಗ ತಿಳಿಯಲು ಆಲ್ಟರ್ನೇಟರಿನ ಒಳಗಿನ ಎಸಿಯನ್ನೇ ಬಳಸುತ್ತಾರೆ. ನಿಮ್ಮ ಗಾಡಿಯಲ್ಲಿ ಆ ಮೀಟರ್ ಇಲ್ಲದಿದ್ದರೆ ಡಬ್ಲ್ಯೂ ಖಾಲಿ ಬಿಡಿ, ಅದನ್ನು ಬ್ಯಾಟರಿಗೆ ಕೊಡಬೇಡಿ. ಕೆಲವಕ್ಕೆ ಎಸ್ ಅಂತ ಒಂದು ಇರುತ್ತದೆ. ಬ್ಯಾಟರಿಯಲ್ಲಿ ಎಷ್ಟು ವೋಲ್ಟೇಜ್ ಇದೆ ಅಂತ ರೆಗ್ಯುಲೇಟರ್ ನೋಡಿಕೊಳ್ಳುವ ತಂತಿ ಅದು, ನೇರ ಬ್ಯಾಟರಿ ಪಾಸಿಟಿವ್‌ಗೆ ಹೋಗಬೇಕು. ಐಜಿ ಅಂತ ಇದ್ದರೆ ಅದಕ್ಕೆ ಕೀ ಆನ್ ಮಾಡಿದಾಗ ಬರುವ ಕರೆಂಟು. ಒಂದು ಕಂಪನಿಯ ಕ್ರಮ ಇನ್ನೊಂದಕ್ಕೆ ಇರುವುದಿಲ್ಲ. ಹಳೆಯದರಲ್ಲಿ ಎಡಗಡೆ ಇದ್ದ ವೈರು ಹೊಸದರಲ್ಲೂ ಎಡಗಡೆಯೇ ಅಂತ ಅಂದಾಜಿನಲ್ಲಿ ಸಿಕ್ಕಿಸಬೇಡಿ.

ಹಳೆಯ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವವರು, ಅಥವಾ ಹೊರಗೆ ರೆಗ್ಯುಲೇಟರ್ ಇದ್ದ ಗಾಡಿಗೆ ಒಳಗೇ ರೆಗ್ಯುಲೇಟರ್ ಇರುವುದನ್ನು ಹಾಕುವವರು ಆ ಕಟೌಟ್ ಡಬ್ಬವನ್ನು ದಾರಿಯಿಂದ ಪೂರ್ತಿ ತೆಗೆಯಬೇಕು. ಹೊರಗಿನ ಡಬ್ಬದಿಂದ ಅಯಸ್ಕಾಂತದ ಸುರುಳಿಗೆ ಹೋಗುತ್ತಿದ್ದ ಫೀಲ್ಡ್ ವೈರಿಗೆ ಇನ್ನು ಕೆಲಸ ಇಲ್ಲ, ಎರಡೂ ತುದಿಗೆ ಸ್ಲೀವ್ ಹಾಕಿ ಕಟ್ಟಿಡಿ. ಚಾರ್ಜಿಂಗ್ ಲೈಟಿನ ವೈರನ್ನು ಡಿ ಪ್ಲಸ್‌ಗೆ ತನ್ನಿ. ಹಳೆಯ ದಪ್ಪ ವೈರನ್ನು ನಂಬಬೇಡಿ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೊಸದಾಗಿ ಒಂದು ಎಳೆಯಿರಿ.

ಎಷ್ಟು ದಪ್ಪ? ಲೆಕ್ಕ ನೋಡಿ. 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎರಡು ಮೀಟರ್ ಇದ್ದು, 50 ಆಂಪಿಯರ್ ಹರಿದರೆ ಮುಕ್ಕಾಲು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ, ವೈರೂ ಕಾಯುತ್ತದೆ. ಅದೇ 16 ಚದರ ಮಿಲಿಮೀಟರಿನದಾದರೆ ಹೋಗುವುದು ಸುಮಾರು 0.12 ವೋಲ್ಟು. 60, 65 ಆಂಪಿಯರಿನ ಆಲ್ಟರ್ನೇಟರಿಗೆ ನಾನು 16 ಹಾಕುತ್ತೇನೆ. ವೈರು ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಬಣ್ಣ ಕೊಟ್ಟ ಅಲ್ಯೂಮಿನಿಯಂ. ಅಗ್ಗಕ್ಕೆ ಸಿಗುತ್ತದೆ. ಮಲೆನಾಡಿನ ತೇವಕ್ಕೆ ಅದು ಲಗ್ಗಿನೊಳಗೇ ಪುಡಿಯಾಗುತ್ತದೆ. ಲಗ್ಗನ್ನು ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿಸಿ. ಬರೀ ಬೆಸುಗೆ ಹಾಕಿದರೆ, ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಸೆಟೆದುಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನ ಅದುರಿಗೆ ಅಲ್ಲೇ ತುಂಡಾಗುತ್ತದೆ. ಇನ್ಸುಲೇಷನ್ ಟೇಪು ಎಂಜಿನ್ ಬಿಸಿಗೆ ಅಂಟುಅಂಟಾಗಿ ಬಿಚ್ಚಿಕೊಳ್ಳುತ್ತದೆ, ಬಿಸಿ ಮಾಡಿದರೆ ಕುಗ್ಗುವ ಸ್ಲೀವ್ ಹಾಕಿ.

ಈ ದಪ್ಪ ವೈರಿಗೆ ಫ್ಯೂಸ್ ಹಾಕದೆ ಬಿಡುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ದಯವಿಟ್ಟು ಹಾಗೆ ಬಿಡಬೇಡಿ. ತಗಡಿನ ಅಂಚಿಗೆ ಉಜ್ಜಿ ವೈರಿನ ಮೇಲ್ಪದರ ಹರಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಆ ಒಂದು ಜಾಗದಲ್ಲಿ ಸುರಿಯುತ್ತದೆ. ಪಕ್ಕದಲ್ಲೇ ಡೀಸೆಲ್ ಪೈಪು ಇರುತ್ತದೆ. ಆಲ್ಟರ್ನೇಟರಿನ ಅಳತೆಗಿಂತ ಸ್ವಲ್ಪ ಜಾಸ್ತಿ, 65ಕ್ಕೆ 80 ಆಂಪಿಯರಿನ ದಪ್ಪ ಬೋಲ್ಟ್ ಫ್ಯೂಸ್ ಸಿಗುತ್ತದೆ. ಅದನ್ನು ಬ್ಯಾಟರಿಯ ಹತ್ತಿರ ಹಾಕಿ, ಆಲ್ಟರ್ನೇಟರಿನ ಹತ್ತಿರ ಅಲ್ಲ. ಅಪಾಯದ ಕರೆಂಟು ಬರುವುದು ಬ್ಯಾಟರಿ ಕಡೆಯಿಂದ.

ಚಾರ್ಜಿಂಗ್ ಲೈಟಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಅದು ಬರೀ ಎಚ್ಚರಿಕೆಯ ದೀಪ ಅಂತ ತಿಳಿದಿದ್ದೇವೆ. ಬಹಳಷ್ಟು ಆಲ್ಟರ್ನೇಟರುಗಳಲ್ಲಿ ಅದು ಕೆಲಸ ಶುರು ಮಾಡಿಸುವ ಬಲ್ಬು ಕೂಡ. ಕೀ ಆನ್ ಮಾಡಿದಾಗ ಆ ಬಲ್ಬಿನ ಮೂಲಕ ಹೋಗುವ ಸಣ್ಣ ಕರೆಂಟೇ ರೋಟರನ್ನು ಮೊದಲ ಸಲ ಅಯಸ್ಕಾಂತ ಮಾಡುವುದು. 2.2 ವ್ಯಾಟಿನ ಬಲ್ಬಾದರೆ ಅದು 0.18 ಆಂಪಿಯರ್. ಆಲ್ಟರ್ನೇಟರ್ ಎದ್ದ ಮೇಲೆ ಡಿ ಪ್ಲಸ್‌ನಲ್ಲೂ 14 ವೋಲ್ಟು ಬರುತ್ತದೆ. ಬಲ್ಬಿನ ಎರಡೂ ಕಡೆ ಸಮ ಆಗಿ ಅದು ಆರುತ್ತದೆ. ಈಗ ಯೋಚಿಸಿ, ಆ ಬಲ್ಬು ಸುಟ್ಟರೆ? ಲೈಟು ಉರಿಯುವುದಿಲ್ಲ, ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ. ಚಾರ್ಜೂ ಬರುವುದಿಲ್ಲ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪೊಂದರಲ್ಲಿ ಮೀಟರ್ ಬೋರ್ಡಿಗೆಲ್ಲ ಚಂದದ ಎಲ್ಇಡಿ ಹಾಕಿಸಿದ್ದರು. ಅವತ್ತಿನಿಂದ ಚಾರ್ಜಿಂಗ್ ಕೈಕೊಟ್ಟಿತು. ಎಲ್ಇಡಿಯಲ್ಲಿ ಹರಿಯುವ ಕರೆಂಟು ಏನೇನೂ ಸಾಲದು. ಹಳೆಯ ಬಲ್ಬನ್ನೇ ವಾಪಸ್ ಹಾಕಿದರೆ ಆಯಿತು. ಎಲ್ಇಡಿಯೇ ಬೇಕು ಅನ್ನುವವರು ಅದರ ಪಕ್ಕಕ್ಕೆ 100 ಓಮಿನ, 5 ವ್ಯಾಟಿನ ಒಂದು ರೆಸಿಸ್ಟರ್ ಜೋಡಿಸಬೇಕು.

ಈ ಲೈಟು ಓದಲು ಕಲಿತರೆ ಅರ್ಧ ರೋಗ ಗೊತ್ತಾಗುತ್ತದೆ. ಕೀ ಆನ್, ಎಂಜಿನ್ ಆಫ್, ಲೈಟು ಉರಿಯಲೇಬೇಕು. ಉರಿಯದಿದ್ದರೆ ಡಿ ಪ್ಲಸ್ ವೈರು ಬಿಚ್ಚಿ ಬಾಡಿಗೆ ತಾಗಿಸಿ. ಈಗ ಉರಿದರೆ ಬಲ್ಬು, ವೈರು ಸರಿ, ಒಳಗೆ ಬ್ರಷ್ ಸವೆದಿರಬಹುದು. ಎಂಜಿನ್ ಓಡುವಾಗ ಮಂದವಾಗಿ ಮಿಣುಕುತ್ತಿದ್ದರೆ ಡಯೋಡ್ ಅಥವಾ ಎಲ್ಲೋ ಸಡಿಲ ಜೋಡಣೆ. ಕೀ ತೆಗೆದ ಮೇಲೂ ಉರಿಯುತ್ತಿದ್ದರೆ ಪಾಸಿಟಿವ್ ಕಡೆಯ ಡಯೋಡ್ ಶಾರ್ಟ್ ಆಗಿದೆ. ಅಂಥ ಗಾಡಿಯಲ್ಲಿ ರಾತ್ರಿಯಿಡೀ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದು, ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಆಲ್ಟರ್ನೇಟರಿನ ಮೇಲೆ ಕೈ ಇಟ್ಟು ನೋಡಿ. ಚಳಿಯಲ್ಲೂ ಅದು ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ. ಮೀಟರಿನಲ್ಲಿ ನೋಡಬೇಕೆಂದರೆ ಎಂಜಿನ್ ಓಡುವಾಗ ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ಎಸಿ ಕಂಡರೆ ಡಯೋಡ್ ಹೋಗಿದೆ ಅಂತಲೇ ಲೆಕ್ಕ.

ಡಿ ಪ್ಲಸ್‌ಗೆ ಬಲ್ಬಿಲ್ಲದೆ ನೇರವಾಗಿ ಕೀಯಿಂದ ವೈರು ಕೊಡುವವರಿದ್ದಾರೆ. ಇದು ಡೀಸೆಲ್ ಗಾಡಿಯಲ್ಲಿ ಬೇರೆಯೇ ತಾಪತ್ರಯ ತರುತ್ತದೆ. ಸ್ಟಾಪ್ ಕೇಬಲ್ ಎಳೆದು ನಿಲ್ಲಿಸುವ ಜೀಪುಗಳಲ್ಲಿ ಗೊತ್ತಾಗುವುದಿಲ್ಲ. ಕೀ ತಿರುಗಿಸಿದರೆ ನಿಲ್ಲುವ, ಡೀಸೆಲ್ ಪಂಪಿನ ಮೇಲೆ ಸೊಲೆನಾಯ್ಡ್ (ಕರೆಂಟು ಇರುವವರೆಗೆ ಡೀಸೆಲ್ ಬಿಡುವ ಭಾಗ) ಇರುವ ಗಾಡಿಗಳಲ್ಲಿ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಯಾಕೆಂದರೆ ಆಲ್ಟರ್ನೇಟರ್ ತಾನು ಹುಟ್ಟಿಸಿದ ಕರೆಂಟನ್ನು ಅದೇ ವೈರಿನಲ್ಲಿ ಹಿಂದಕ್ಕೆ ಕಳಿಸಿ ಸೊಲೆನಾಯ್ಡನ್ನು ಹಿಡಿದಿಡುತ್ತದೆ. ನಡುವೆ ಬಲ್ಬು ಇದ್ದರೆ ಅಷ್ಟು ಕರೆಂಟು ಹಿಂದಕ್ಕೆ ಬರಲಾರದು. ಕೆಲವು ರೆಗ್ಯುಲೇಟರುಗಳು ನೇರ 12 ವೋಲ್ಟು ಕೊಟ್ಟರೆ ಸುಟ್ಟೇ ಹೋಗುತ್ತವೆ. ಹಾಗಾಗಿ ಬಲ್ಬು ಇರಲೇಬೇಕು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ತಪ್ಪಿದರೆ ಗಾಡಿ ನಿಲ್ಲುತ್ತದೆ. ಈಗ ಹೇಳುವುದರಲ್ಲಿ ತಪ್ಪಿದರೆ ಗಾಡಿ ನಿಲ್ಲುವುದಿಲ್ಲ, ಬ್ರೇಕ್ ಹಿಡಿಯುವುದಿಲ್ಲ. ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಗಾಳಿ ಒಳಗೆಳೆಯುವ ಮ್ಯಾನಿಫೋಲ್ಡಿನಿಂದ ಸಿಗುತ್ತದೆ. ಡೀಸೆಲ್‌ನಲ್ಲಿ ಗಾಳಿ ತಡೆಯುವ ಬಾಗಿಲು ಸಾಮಾನ್ಯವಾಗಿ ಇಲ್ಲದ್ದರಿಂದ ವ್ಯಾಕ್ಯೂಮ್ ಸಿಗುವುದಿಲ್ಲ, ಬೇರೆ ಪಂಪು ಬೇಕು. ಬೂಸ್ಟರ್ ಇರುವ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಆ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಪೆಟ್ರೋಲ್ ಕಾರಿನ ಆಲ್ಟರ್ನೇಟರ್ ಅಗ್ಗಕ್ಕೆ ಸಿಕ್ಕಿತು ಅಂತ ಕೂರಿಸಿದರೆ ಚಾರ್ಜ್ ಚೆನ್ನಾಗಿಯೇ ಬರುತ್ತದೆ. ಘಾಟಿ ಇಳಿಯುವಾಗ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಪಂಪಿನ ಹೋಸು ಸುಮ್ನೆ ಕಟ್ಟಿಹಾಕಿ ಗಾಡಿ ಕೊಟ್ಟುಬಿಡುವುದು ಯಾವ ಕಾರಣಕ್ಕೂ ಆಗಬಾರದು. ಪಂಪು ಇದ್ದ ಗಾಡಿಗೆ ಪಂಪು ಇರುವ ಆಲ್ಟರ್ನೇಟರೇ ಬೇಕು.

ಅದನ್ನು ಹಾಕುವಾಗ ಗಮನಿಸಬೇಕಾದದ್ದು ಆಯಿಲ್. ಎಂಜಿನ್ನಿನಿಂದ ಸಣ್ಣ ಪೈಪಿನಲ್ಲಿ ಆಯಿಲ್ ಪಂಪಿಗೆ ಬರುತ್ತದೆ, ದಪ್ಪ ಹೋಸಿನಲ್ಲಿ ಸಂಪಿಗೆ ವಾಪಸ್ ಹೋಗುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಪಂಪಿನೊಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಡಿ, ಒಣಗಿಯೇ ತಿರುಗಬಾರದು. ವಾಪಸ್ ಹೋಗುವ ಹೋಸು ಮಡಚಿಕೊಂಡರೆ ಆಯಿಲ್ ಸೀಲು ದಾಟಿ ಆಲ್ಟರ್ನೇಟರಿನೊಳಗೆ ನುಗ್ಗಿ ಬ್ರಷ್ಷುಗಳನ್ನೆಲ್ಲ ತೋಯಿಸುತ್ತದೆ. ಆಯಿಲ್ ತುಂಬಿ ಆಲ್ಟರ್ನೇಟರ್ ಮೇಲಿಂದ ಮೇಲೆ ಕೆಡುತ್ತಿದ್ದರೆ ಆ ಹೋಸನ್ನೂ ಸೀಲನ್ನೂ ನೋಡದೆ ಇನ್ನೊಂದು ಹಾಕಬೇಡಿ. ಕೆಲಸ ಮುಗಿದ ಮೇಲೆ ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆ. ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ರಸ್ತೆಗೆ ಬಿಡಬೇಡಿ.

ಹುಡುಗರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಗಾಡಿ ಆಫ್ ಆಗಲಿಲ್ಲ, ಲೈಟು ಉರಿತಿದೆ, ಡೈನಮೋ ಸರಿಯಿದೆ’ ಅಂತ ಹೇಳುವ ಪರೀಕ್ಷೆಯನ್ನು ಬಿಟ್ಟುಬಿಡಿ. ಅದು ಡೈನಮೋ ಕಾಲದ ಪದ್ಧತಿ. ಡೀಸೆಲ್ ಎಂಜಿನ್ ಓಡುವುದಕ್ಕೂ ಆಲ್ಟರ್ನೇಟರಿಗೂ ಹೆಚ್ಚಿನ ಹಳೆಯ ಗಾಡಿಗಳಲ್ಲಿ ಸಂಬಂಧವೇ ಇಲ್ಲ, ಹಾಗಾಗಿ ಅದರಿಂದ ಏನೂ ಗೊತ್ತಾಗುವುದಿಲ್ಲ. ಬ್ಯಾಟರಿ ಕಿತ್ತ ಕ್ಷಣಕ್ಕೆ ಆಲ್ಟರ್ನೇಟರಿನ ವೋಲ್ಟೇಜ್ ಹಲವು ಪಟ್ಟು ಜಿಗಿಯುತ್ತದೆ. ಡಯೋಡ್ ನಾಜೂಕು ಅಂತ ಆಗ ಹೇಳಿದೆನಲ್ಲ, ಅವು ಹೋಗುವುದು ಹೀಗೇ. ರೆಗ್ಯುಲೇಟರೂ ಜೊತೆಗೆ ಹೋಗಬಹುದು. ಬ್ಯಾಟರಿಯನ್ನು ಉಲ್ಟಾ ಹಾಕುವುದು, ಗಾಡಿಯಿಂದ ಗಾಡಿಗೆ ಕೇಬಲ್ ಕೊಡುವಾಗ ಪ್ಲಸ್ ಮೈನಸ್ ಅದಲು ಬದಲು ಮಾಡುವುದು, ಗಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ, ಆಲ್ಟರ್ನೇಟರ್ ವೈರು ಬಿಚ್ಚದೇ ಇರುವುದು, ಇವೂ ಅಷ್ಟೇ ಕೆಟ್ಟವು. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ನೀರನ್ನು ಆಲ್ಟರ್ನೇಟರಿಗೆ ಹೊಡೆಯಲು ಬಿಡಬೇಡಿ. ಹಳ್ಳ ದಾಟಿ ಕೆಸರು ಹೊಕ್ಕಿದ್ದರೆ ಬಿಚ್ಚಿಸಿ ಬ್ರಷ್, ಅದು ಉಜ್ಜುವ ಸ್ಲಿಪ್ ರಿಂಗ್ ಒರೆಸಿಸಿ.

ದೊಡ್ಡ ಆಲ್ಟರ್ನೇಟರ್ ಹಾಕಿದರೆ ಮೀಟರ್ ಬೋರ್ಡಿನ ಆಂಪಿಯರ್ ಮೀಟರ್ ಏನಾಗುತ್ತದೆ ಅಂತ ಹಿಂದೆ ಕೂತವರು ಒಂದು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಹಳೆಯ ಜೀಪುಗಳಲ್ಲಿ ಚಾರ್ಜಿಂಗ್ ಕರೆಂಟು ಪೂರ್ತಿ ಆ ಮೀಟರಿನೊಳಗೇ ಹಾದುಹೋಗುತ್ತದೆ. ಮುಳ್ಳು ಎರಡೂ ಕಡೆ 30ರವರೆಗೆ ಇರುವ ಮೀಟರಿನಲ್ಲಿ 60 ಹರಿಸಿದರೆ ಅದರ ಹಿಂದಿನ ಬೋಲ್ಟುಗಳು ಕಾದು, ಡ್ಯಾಶ್‌ಬೋರ್ಡಿನ ಒಳಗೆ ಹೊಗೆ ಬರುತ್ತದೆ. ಬ್ಯಾಟರಿ ಪೂರ್ತಿ ಇಳಿದು, ಹೊಸ ಆಲ್ಟರ್ನೇಟರ್ ಜೋರಾಗಿ ತುಂಬುವಾಗಲೇ ಇದು ಆಗುವುದು. ಆ ಮೀಟರನ್ನು ದಾರಿಯಿಂದ ತೆಗೆಯಿರಿ. ಅದಕ್ಕೆ ಬರುತ್ತಿದ್ದ ಎರಡು ದಪ್ಪ ವೈರುಗಳನ್ನು ಒಂದೇ ಬೋಲ್ಟಿಗೆ ಬಿಗಿದು, ಮೇಲೆ ಸ್ಲೀವ್ ಹಾಕಿ. ಬೋರ್ಡಿಗೆ ಹೋಗುವ ಆ ಫೀಡಿಗೂ ಬ್ಯಾಟರಿ ಹತ್ತಿರ ಅದರ ದಪ್ಪಕ್ಕೆ ತಕ್ಕ ಬೇರೆ ಫ್ಯೂಸ್ ಇರಲಿ. ಚಾರ್ಜಿಂಗ್ ಕರೆಂಟು ಹೊಸ 16ರ ವೈರಿನಲ್ಲಿ ನೇರ ಬ್ಯಾಟರಿಗೆ ಹೋಗಲಿ. ಮೀಟರಿನ ಜಾಗಕ್ಕೆ ಒಂದು ವೋಲ್ಟ್ ಮೀಟರ್ ಹಾಕಿ, ಅದರ ವೈರಿಗೆ ಎರಡು ಆಂಪಿಯರಿನ ಫ್ಯೂಸ್ ಸಾಕು. ಮುಳ್ಳು 14ರ ಹತ್ತಿರ ಇದ್ದರೆ ಹೊರಡಿ. 13ರ ಕೆಳಗೆ ಬಂದರೆ ಬೇಡದ ಲೈಟು ಆರಿಸಿ, ಮುಂದಿನ ಊರಿನಲ್ಲಿ ನಿಲ್ಲಿಸಿ ಮೊದಲು ಬೆಲ್ಟು ನೋಡಿ.